ಮಗ್ಗದಿಂದ ಮಸೂರದವರೆಗೆ: ಅರಸರ ಕನ್ನಡಕಗಾರ ಜಾನ್ ಡಾಲಂಡ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಬಹಳ ಸಂಕೋಚಪಟ್ಟೆನು. ನಾನು ಸಾಹಿತಿಯಲ್ಲ, ಅಧ್ಯಾಪಕನೂ ಅಲ್ಲ. ಸೊಲ್ಲಾಪುರದ ಪೇಟೆಯಲ್ಲಿ ಕನ್ನಡಕದ ಅಂಗಡಿಯನ್ನಿಟ್ಟುಕೊಂಡು ಬದುಕುತ್ತಿರುವ, ಈ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ, ಅಷ್ಟೆ. “ನಿಮಗೆ ಗೊತ್ತಿರುವುದನ್ನೇ ಬರೆಯಿರಿ” ಎಂದು ಅವರು ಒತ್ತಾಯಿಸಿದ್ದರಿಂದ ನನ್ನ ಕಸುಬಿನ ಹಿರಿಯನೊಬ್ಬನ ಕಥೆಯನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಅವನು ಇಂಗ್ಲೆಂಡಿನ ಅರಸನಿಗೆ ಕನ್ನಡಕಗಾರನಾಗಿದ್ದನು. ಅವನ ಮಳಿಗೆಗೆ ವಿಜ್ಞಾನಿಗಳೂ ರಾಜಕಾರಣಿಗಳೂ ನೌಕಾಧಿಕಾರಿಗಳೂ ಗಿರಾಕಿಗಳಾಗಿದ್ದರು. ಆದರೆ ತನ್ನ ನಲವತ್ತಾರನೆಯ ವಯಸ್ಸಿನವರೆಗೆ ಅವನು ಮಗ್ಗದ ಮುಂದೆ ಕುಳಿತು ರೇಷ್ಮೆ ಬಟ್ಟೆಯನ್ನು ನೇಯುತ್ತಿದ್ದನು. ನೇಕಾರರ ಊರಿನಲ್ಲಿ ಹುಟ್ಟಿ ನೇಕಾರನ ಮಗನಾಗಿ ಬೆಳೆದ ನನಗೆ ಈ ಕಥೆ ಹತ್ತಿರವಾದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಿತ್ತಾಳೆಯ ದುರ್ಬೀನು

ಅವನ ಹೆಸರನ್ನು ನಾನು ಮೊದಲು ಓದಿದ್ದು ಪುಸ್ತಕದಲ್ಲಿ ಅಲ್ಲ. ಅನೇಕ ವರ್ಷಗಳ ಹಿಂದೆ ವೃದ್ಧರೊಬ್ಬರು ಮನೆಯ ಅಟ್ಟದಲ್ಲಿ ಬಿದ್ದಿದ್ದ ಹಿತ್ತಾಳೆಯ ದುರ್ಬೀನೊಂದನ್ನು ಸ್ವಚ್ಛಗೊಳಿಸಿಕೊಡಲು ನನ್ನ ಅಂಗಡಿಗೆ ತಂದರು. ಕೊಳವೆಯ ಮೇಲೆ ಇಂಗ್ಲಿಷಿನಲ್ಲಿ “ಡಾಲಂಡ್, ಲಂಡನ್” ಎಂದು ಕೆತ್ತಿತ್ತು. ಮುಂಭಾಗದ ಉಂಗುರವನ್ನು ಬಿಚ್ಚಿದಾಗ ಒಂದರ ಬದಲು ಎರಡು ಗಾಜುಗಳು ನನ್ನ ಅಂಗೈಗೆ ಬಂದವು. ಒಂದು ನಡುವೆ ಉಬ್ಬಿದ ಪೀನ ಮಸೂರ. ಇನ್ನೊಂದು ನಡುವೆ ತಗ್ಗಿದ ನಿಮ್ನ ಮಸೂರ. ಒಂದು ಬೆಳಕನ್ನು ಕೂಡಿಸುವಂಥದು, ಮತ್ತೊಂದು ಚದುರಿಸುವಂಥದು. ಒಂದು ಕಟ್ಟಿದ್ದನ್ನು ಇನ್ನೊಂದು ಕೆಡವುವಂತಿರುವ ಈ ಎರಡನ್ನು ಜೊತೆಗಿಟ್ಟವರಾರು? ಹಿಂದೆ ಯಾರೋ ತಿಳಿಯದ ರಿಪೇರಿಯವನು ತಪ್ಪು ಗಾಜನ್ನು ಕೂಡಿಸಿರಬೇಕೆಂದು ನಾನು ಭಾವಿಸಿದೆನು. ಒಂದೇ ಗಾಜನ್ನಿಟ್ಟು ನೋಡಿದೆ. ಎದುರಿನ ಮಾಳಿಗೆಯ ಅಂಚಿನಲ್ಲಿ ನೀಲಿ ಕೆಂಪು ಬಣ್ಣಗಳು ಹರಡಿಕೊಂಡು ಎಲ್ಲವೂ ಮಸುಕಾಯಿತು. ಎರಡನ್ನೂ ಇದ್ದಂತೆಯೇ ಕೂಡಿಸಿ ನೋಡಿದೆ; ಗೋಡೆಯ ಬಿರುಕೂ ಸ್ಪಷ್ಟವಾಗಿ ಕಂಡಿತು. ತಪ್ಪು ನನ್ನದಾಗಿತ್ತು. ಆ ದಿನದಿಂದ ನಾನು ಡಾಲಂಡನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆನು.

ನಿರಾಶ್ರಿತರ ಕೇರಿಯ ಬಾಲಕ

ಫ್ರಾನ್ಸ್ ದೇಶದಲ್ಲಿ ಪ್ರೊಟೆಸ್ಟೆಂಟ್ ಪಂಥದ ಕ್ರೈಸ್ತರಿಗೆ ‘ಹ್ಯೂಗೆನಾಟ್’ ಎಂಬ ಹೆಸರಿತ್ತು. ಅವರಿಗೆ 1598ರಲ್ಲಿ ಕೊಡಲಾಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ಹದಿನಾಲ್ಕನೆಯ ಲೂಯಿ 1685ರಲ್ಲಿ ರದ್ದುಗೊಳಿಸಿದನು. ಸಾವಿರಾರು ಕುಟುಂಬಗಳು ಮನೆಮಾರುಗಳನ್ನು ಬಿಟ್ಟು ಗಡಿಯನ್ನು ದಾಟಿದವು. ಅವರಲ್ಲಿ ರೇಷ್ಮೆ ನೇಯುವವರು ಅನೇಕರು ಲಂಡನ್ನಿನ ಪೂರ್ವಕ್ಕಿರುವ ಸ್ಪಿಟಲ್‌ಫೀಲ್ಡ್ಸ್ ಎಂಬ ಭಾಗದಲ್ಲಿ ನೆಲೆಸಿದರು. ಸುತ್ತಲೂ ಇಂಗ್ಲಿಷ್, ಮನೆಯಲ್ಲಿ ಮತ್ತು ದೇವಾಲಯದಲ್ಲಿ ಫ್ರೆಂಚ್. ಓಣಿಯಲ್ಲಿ ಮಗ್ಗಗಳ ಸದ್ದು. ಈ ಚಿತ್ರವನ್ನು ಗಡಿನಾಡಿನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಒಂದು ಕುಟುಂಬದಲ್ಲಿ ಜಾನ್ ಡಾಲಂಡ್ 1706ರ ಜೂನ್ ತಿಂಗಳಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡುದರಿಂದ ಶಾಲೆಗಿಂತ ಮಗ್ಗವೇ ಅವನ ಪಾಲಿಗೆ ಬಂತು. ಆದರೆ ಹಗಲು ದುಡಿದು, ಉಳಿದ ವೇಳೆಯಲ್ಲಿ ಅವನು ಗಣಿತ, ಖಗೋಲಶಾಸ್ತ್ರ ಮತ್ತು ಬೆಳಕಿನ ಶಾಸ್ತ್ರಗಳನ್ನು ಓದಿದನು. ವಿದ್ವಾಂಸರ ಗ್ರಂಥಗಳನ್ನು ಓದಲು ಬೇಕೆಂದು ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಸ್ವಂತ ಪ್ರಯತ್ನದಿಂದಲೇ ಕಲಿತನು.

ಇದು ಅವನೊಬ್ಬನ ಸಾಧನೆಯೆಂದು ಹೇಳಿದರೆ ಅರ್ಧ ಸತ್ಯವಾದೀತು. ಆ ಕೇರಿಯಲ್ಲಿ 1717ರಿಂದ ಒಂದು ಗಣಿತ ಸಂಘವಿತ್ತು. ಅದರ ಸದಸ್ಯರಲ್ಲಿ ನೇಕಾರರೂ ಇತರ ಕಸುಬುದಾರರೂ ಇದ್ದರು. ಡಾಲಂಡನೂ ಅದರ ಸದಸ್ಯನಾಗಿದ್ದನು. ಸದಸ್ಯನೊಬ್ಬನು ಗಣಿತದ ಪ್ರಶ್ನೆಯನ್ನು ಕೇಳಿದರೆ, ಬಲ್ಲ ಸದಸ್ಯನು ತನಗೆ ಸಾಧ್ಯವಾದಷ್ಟು ಸುಲಭವಾಗಿ ಅದನ್ನು ಅವನಿಗೆ ತಿಳಿಸಿಕೊಡಲೇಬೇಕೆಂಬುದು ಆ ಸಂಘದ ನಿಯಮ. ತಪ್ಪಿದವನಿಗೆ ದಂಡ. ವಿದ್ಯೆಯನ್ನು ಬಚ್ಚಿಟ್ಟುಕೊಳ್ಳುವುದನ್ನೇ ಅಪರಾಧವೆಂದು ಎಣಿಸಿದ ಆ ನೇಕಾರರನ್ನು ನೆನೆದಾಗ ನನಗೆ ಮನಸ್ಸು ತುಂಬಿಬರುತ್ತದೆ. ಆ ಸಂಘವು ನೂರಕ್ಕೂ ಹೆಚ್ಚು ವರ್ಷ ಬಾಳಿ, 1840ರ ದಶಕದಲ್ಲಿ ಲಂಡನ್ನಿನ ರಾಯಲ್ ಖಗೋಲ ಸಂಘದಲ್ಲಿ ಲೀನವಾಯಿತು.

ಮಗನ ಅಂಗಡಿಗೆ ಬಂದ ತಂದೆ

ಜಾನನ ಹಿರಿಯ ಮಗ ಪೀಟರನೂ ಮೊದಲು ರೇಷ್ಮೆಯ ಕೆಲಸವನ್ನೇ ಕಲಿತವನು. ಆದರೆ ತಂದೆಯ ಬಾಯಿಂದ ಬೆಳಕಿನ ಶಾಸ್ತ್ರವನ್ನು ಕೇಳಿ ಕೇಳಿ ಬೆಳೆದ ಅವನು 1750ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಕನ್ನಡಕ ಮತ್ತು ದುರ್ಬೀನುಗಳ ಸಣ್ಣ ಅಂಗಡಿಯನ್ನು ತೆರೆದನು. ಎರಡು ವರ್ಷಗಳ ತರುವಾಯ, 1752ರಲ್ಲಿ, ತಂದೆಯೇ ಮಗ್ಗವನ್ನು ಬಿಟ್ಟು ಮಗನ ಅಂಗಡಿಯನ್ನು ಸೇರಿದನು. ಸಾಮಾನ್ಯವಾಗಿ ತಂದೆಯ ಕಸುಬಿಗೆ ಮಗನು ಬರುತ್ತಾನೆ. ಇಲ್ಲಿ ಮಗನ ಕಸುಬಿಗೆ ತಂದೆ ಬಂದನು. ಅವರ ಮಳಿಗೆ ಮುಂದೆ ಲಂಡನ್ನಿನ ಸ್ಟ್ರಾಂಡ್ ರಸ್ತೆಗೆ ಸ್ಥಳಾಂತರಗೊಂಡಿತು.

ಬಣ್ಣದ ಅಂಚಿನ ತೊಡಕು

ಡಾಲಂಡನ ಕೀರ್ತಿಗೆ ಕಾರಣವಾದ ಶೋಧವನ್ನು ಈಗ ಸ್ವಲ್ಪ ವಿವರಿಸಬೇಕು. ಬಿಳಿಯ ಬೆಳಕಿನಲ್ಲಿ ಹಲವು ಬಣ್ಣಗಳು ಅಡಗಿವೆ ಎಂಬುದನ್ನು ಮಕ್ಕಳು ಶಾಲೆಯಲ್ಲಿ ಗಾಜಿನ ಪಟ್ಟಕದಿಂದ ನೋಡಿ ತಿಳಿದಿರುತ್ತಾರೆ. ಗಾಜಿನೊಳಗೆ ಹೊಕ್ಕಾಗ ನೀಲಿಯ ಬೆಳಕು ಹೆಚ್ಚು ಬಾಗುತ್ತದೆ, ಕೆಂಪು ಕಡಿಮೆ ಬಾಗುತ್ತದೆ. ಆದ್ದರಿಂದ ಒಂದೇ ಪೀನ ಮಸೂರವು ನೀಲಿಯನ್ನು ಹತ್ತಿರದಲ್ಲಿಯೂ ಕೆಂಪನ್ನು ಸ್ವಲ್ಪ ದೂರದಲ್ಲಿಯೂ ಕೂಡಿಸುತ್ತದೆ. ಬಿಂಬದ ಸುತ್ತಲೂ ಬಣ್ಣದ ಅಂಚು ಮೂಡಿ ಎಲ್ಲವೂ ಮಸುಕಾಗುತ್ತದೆ. ಈ ದೋಷವನ್ನು ಕಡಿಮೆ ಮಾಡಲು ಹದಿನೇಳನೆಯ ಶತಮಾನದ ಖಗೋಲಜ್ಞರು ದುರ್ಬೀನಿನ ಉದ್ದವನ್ನು ವಿಪರೀತವಾಗಿ ಬೆಳೆಸಿದರು. ಡಾನ್‌ಜಿಗ್ ನಗರದ ಹೆವೀಲಿಯಸನ ಒಂದು ದುರ್ಬೀನು ಸುಮಾರು 150 ಅಡಿ ಉದ್ದವಾಗಿತ್ತು. ಅದನ್ನು ಎತ್ತರದ ಕಂಬಕ್ಕೆ ಹಗ್ಗಗಳಿಂದ ತೂಗುಹಾಕಬೇಕಾಗುತ್ತಿತ್ತು.

ಮಸೂರಗಳಿಂದ ಈ ದೋಷವನ್ನು ನಿವಾರಿಸಲು ಸಾಧ್ಯವೇ ಇಲ್ಲವೆಂಬುದು ನ್ಯೂಟನ್ನನ ಅಭಿಪ್ರಾಯವಾಗಿತ್ತು. ಅದಕ್ಕಾಗಿಯೇ ಅವನು ಮಸೂರದ ಬದಲು ಕನ್ನಡಿಯನ್ನು ಬಳಸಿ ದುರ್ಬೀನನ್ನು ರಚಿಸಿದನು. ನ್ಯೂಟನ್ ಹೇಳಿದ ಮೇಲೆ ಪ್ರಶ್ನಿಸುವವರಾರು? ಗಣಿತಜ್ಞ ಆಯ್ಲರನು ಪ್ರಶ್ನಿಸಿದನು. ಆಗ ನ್ಯೂಟನ್ನನ ಪಕ್ಷವನ್ನು ವಹಿಸಿ, ಆಯ್ಲರನ ವಾದವನ್ನು ಖಂಡಿಸಿ ಬರೆದವನು ಬೇರಾರೂ ಅಲ್ಲ, ನಮ್ಮ ಡಾಲಂಡನೇ! ಅವನು 1752–53ರಲ್ಲಿ ಬರೆದ ಪತ್ರಗಳು ಇಂಥ ಪ್ರಯತ್ನವೇ ವ್ಯರ್ಥವೆಂಬ ಧಾಟಿಯಲ್ಲಿದ್ದವು. ಬಳಿಕ ಸ್ವೀಡನ್ನಿನ ಕ್ಲಿಂಗೆನ್‌ಸ್ಟಿಯೆರ್ನ ಎಂಬ ವಿದ್ವಾಂಸನು ನ್ಯೂಟನ್ನನ ಲೆಕ್ಕವೇ ಸಂದೇಹಾಸ್ಪದವೆಂದು ತೋರಿಸಿದನು. ಡಾಲಂಡನು ಹಟಹಿಡಿಯಲಿಲ್ಲ. ಗಾಜಿನ ಹಲಗೆಗಳಿಂದ ಬೆಣೆಯಾಕಾರದ ಪಾತ್ರೆಯನ್ನು ಮಾಡಿ, ಅದರಲ್ಲಿ ನೀರನ್ನು ತುಂಬಿ, ಗಾಜಿನ ಪಟ್ಟಕವನ್ನು ತಲೆಕೆಳಗಾಗಿ ಅದರೊಳಗಿಟ್ಟು ತಾನೇ ಪರೀಕ್ಷಿಸಿದನು. ಬೆಳಕಿನ ಬಾಗು ಪೂರ್ಣವಾಗಿ ಸರಿಹೋದರೂ ಬಣ್ಣ ಉಳಿಯಿತು! ನ್ಯೂಟನ್ನನ ಮಾತು ನಿಜವಾಗಿದ್ದರೆ ಬಾಗು ಹೋದಲ್ಲಿ ಬಣ್ಣವೂ ಹೋಗಬೇಕಾಗಿತ್ತು. ತಾನು ಸಮರ್ಥಿಸಿದ ಮಾತು ತಪ್ಪೆಂದು ಅವನಿಗೆ ತನ್ನ ಕೈಯಾರೆ ಮನವರಿಕೆಯಾಯಿತು.

ಮುಂದಿನ ಹೆಜ್ಜೆ ಎರಡು ಬಗೆಯ ಗಾಜುಗಳದು. ಕಿಟಕಿಗೆ ಬಳಸುವ ‘ಕ್ರೌನ್’ ಗಾಜಿಗಿಂತ ಸೀಸ ಬೆರೆತ ‘ಫ್ಲಿಂಟ್’ ಗಾಜು ಬಣ್ಣಗಳನ್ನು ಹೆಚ್ಚು ಹರಡುತ್ತದೆ. ಬೆಳಕನ್ನು ಸಮನಾಗಿ ಬಾಗಿಸಿದಾಗ ಕ್ರೌನ್ ಗಾಜು 2 ಪಾಲು ಬಣ್ಣವನ್ನು ಹರಡಿದರೆ ಫ್ಲಿಂಟ್ ಗಾಜು ಸುಮಾರು 3 ಪಾಲು ಹರಡುತ್ತದೆ. ಇನ್ನು ಅಂಗಡಿಯ ಲೆಕ್ಕವನ್ನೇ ಹಾಕೋಣ. ಕ್ರೌನ್ ಗಾಜಿನ ಪೀನ ಮಸೂರದ ನಂಬರು ಕೂಡು 3 ಇರಲಿ. ಬಣ್ಣ 3 ಗುಣಿಲೆ 2, ಅಂದರೆ 6. ಫ್ಲಿಂಟ್ ಗಾಜಿನ ನಿಮ್ನ ಮಸೂರದ ನಂಬರು ಕಳೆ 2 ಇರಲಿ. ಬಣ್ಣ 2 ಗುಣಿಲೆ 3, ಅದೂ 6, ಆದರೆ ವಿರುದ್ಧ ದಿಕ್ಕಿಗೆ. ಬಣ್ಣಕ್ಕೆ ಬಣ್ಣ ವಜಾ ಆಯಿತು. ನಂಬರಿನಲ್ಲಿ ಮಾತ್ರ ಕೂಡು 1 ಉಳಿಯಿತು. ಬಿಂಬವನ್ನು ಮೂಡಿಸಲು ಅಷ್ಟು ಸಾಕು. ನನ್ನ ಅಂಗೈಯಲ್ಲಿ ಬಿದ್ದ ಎರಡು ಗಾಜುಗಳ ಮರ್ಮ ಇದೇ. ಬಣ್ಣ ಸಂಪೂರ್ಣವಾಗಿ ಅಳಿಯುವುದಿಲ್ಲವಾದರೂ ಕಣ್ಣಿಗೆ ತೊಡಕಾಗದಷ್ಟು ಕುಗ್ಗುತ್ತದೆ. ಇಂದಿನ ದುರ್ಬೀನು, ಕ್ಯಾಮೆರಾ, ಸೂಕ್ಷ್ಮದರ್ಶಕಗಳಲ್ಲಿಯೂ ಇದೇ ತತ್ತ್ವವು ಕೆಲಸ ಮಾಡುತ್ತಿದೆ.

ಡಾಲಂಡನ ಪ್ರಬಂಧವನ್ನು 1758ರಲ್ಲಿ ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಅದೇ ವರ್ಷ ಆ ಸಂಸ್ಥೆಯ ಕಾಪ್ಲಿ ಪದಕವು ಅವನಿಗೆ ದೊರೆಯಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತದ ನೇಕಾರನಿಗೆ ಇದು ಸಾಮಾನ್ಯ ಗೌರವವಲ್ಲ. ಅವನನ್ನು 1761ರಲ್ಲಿ ಆ ಸಂಸ್ಥೆಯ ಸದಸ್ಯನನ್ನಾಗಿ ಆರಿಸಲಾಯಿತು. ಮೂರನೆಯ ಜಾರ್ಜ್ ದೊರೆಯ ಕನ್ನಡಕಗಾರನೆಂಬ ಪದವಿಯೂ ಅದೇ ವರ್ಷ ದೊರೆಯಿತು. ಆದರೆ ಅದೇ ವರ್ಷದ ನವೆಂಬರ್ 30ರಂದು ಅವನು ತೀರಿಕೊಂಡನು. ಚಂದ್ರನ ಚಲನೆಯನ್ನು ಕುರಿತ ಒಂದು ಹೊಸ ಗ್ರಂಥವನ್ನು ಗಂಟೆಗಟ್ಟಲೆ ಓದುತ್ತಿದ್ದಾಗ ಆಘಾತವಾಯಿತೆಂದು ಅವನ ಕುಟುಂಬಕ್ಕೆ ಸೇರಿದವರು ಬರೆದ ಜೀವನ ಚರಿತ್ರೆಯು ಹೇಳುತ್ತದೆ.

ಶೋಧ ಯಾರದು?

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಹೊಗಳಿಕೆಯಾದೀತೇ ಹೊರತು ಚರಿತ್ರೆಯಾಗದು. ಡಾಲಂಡನಿಗಿಂತ ಸುಮಾರು ಇಪ್ಪತ್ತೈದು ವರ್ಷ ಮೊದಲೇ ಚೆಸ್ಟರ್ ಮೂರ್ ಹಾಲ್ ಎಂಬ ವಕೀಲನು ಇದೇ ಉಪಾಯವನ್ನು ಕಂಡುಕೊಂಡಿದ್ದನು. ಗುಟ್ಟು ಬಯಲಾಗಬಾರದೆಂದು ಅವನು ಒಂದು ಮಸೂರವನ್ನು ಒಬ್ಬ ಕನ್ನಡಕಗಾರನಿಗೂ ಇನ್ನೊಂದನ್ನು ಮತ್ತೊಬ್ಬನಿಗೂ ಮಾಡಲು ಕೊಟ್ಟನು. ಆದರೆ ಆ ಇಬ್ಬರೂ ಕೈತುಂಬ ಕೆಲಸವಿದ್ದುದರಿಂದ ಅವುಗಳನ್ನು ಜಾರ್ಜ್ ಬಾಸ್ ಎಂಬ ಒಬ್ಬನೇ ಗಾಜು ಉಜ್ಜುವವನಿಗೆ ವಹಿಸಿದರು! ಎರಡೂ ಒಬ್ಬನೇ ಗಿರಾಕಿಯವು ಎಂಬುದು ಬಾಸನಿಗೆ ತಿಳಿಯಿತು. ಮುಂದೆ ಆ ಸುದ್ದಿ ಅವನಿಂದ ಡಾಲಂಡನ ಕಿವಿಗೂ ಮುಟ್ಟಿತು. ಹಾಲನು ಮಾತ್ರ ತನ್ನ ಶೋಧವನ್ನು ಎಲ್ಲಿಯೂ ಪ್ರಕಟಿಸಲಿಲ್ಲ.

ಡಾಲಂಡನು 1758ರಲ್ಲಿ ಪೇಟೆಂಟ್ ಪಡೆದಿದ್ದನಾದರೂ ಬದುಕಿರುವವರೆಗೆ ಅದನ್ನು ಮುಂದಿಟ್ಟು ಯಾರನ್ನೂ ಪೀಡಿಸಲಿಲ್ಲ. ಅವನ ಬಳಿಕ ಪೀಟರನು ಅದನ್ನು ಬಿಗಿಯಾಗಿ ಜಾರಿಗೆ ತಂದನು. ಲಂಡನ್ನಿನ 35 ಮಂದಿ ಕನ್ನಡಕಗಾರರು ಸೇರಿ 1764ರಲ್ಲಿ ಆ ಪೇಟೆಂಟನ್ನು ರದ್ದುಗೊಳಿಸಬೇಕೆಂದು ಅರ್ಜಿಯನ್ನು ಕೊಟ್ಟರು; ಅದರಲ್ಲಿ ಬಾಸನ ಸಹಿಯೂ ಇತ್ತು. ಅರ್ಜಿ ಫಲಿಸಲಿಲ್ಲ. ಚಾಂಪ್ನೆಸ್ ಎಂಬ ಕನ್ನಡಕಗಾರನ ಮೇಲಿನ ದಾವೆಯಲ್ಲಿ 1766ರಲ್ಲಿ ನ್ಯಾಯಾಲಯವು ಪೀಟರನ ಪರವಾಗಿಯೇ ತೀರ್ಪಿತ್ತಿತು. ಹಾಲನು ಮೊದಲಿಗನಿರಬಹುದು; ಆದರೆ ಶೋಧವನ್ನು ಮೇಜಿನ ಖಾನೆಯಲ್ಲಿ ಬೀಗಹಾಕಿಟ್ಟವನಿಗಿಂತ ಅದನ್ನು ಲೋಕದ ಉಪಯೋಗಕ್ಕೆ ತಂದವನೇ ಫಲಕ್ಕೆ ಅರ್ಹನೆಂಬುದು ತೀರ್ಪಿನ ಸಾರ.

ಈ ತೀರ್ಪಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅಂಗಡಿಕಾರನಾಗಿ ಆ 35 ಮಂದಿಯ ಸಂಕಟವು ನನಗೆ ಅರ್ಥವಾಗುತ್ತದೆ. ತಮ್ಮ ಪೇಟೆಯಲ್ಲಿ ಮೊದಲೇ ತಿಳಿದಿದ್ದ ವಿದ್ಯೆಗೆ ಅವರು ಸುಂಕ ತೆರಬೇಕಾಯಿತು. ಆದರೂ ತಿಳಿದುದನ್ನು ಮುಚ್ಚಿಟ್ಟರೆ ಅದು ಇದ್ದೂ ಇಲ್ಲದಂತೆಯೇ ಎಂಬ ಮಾತನ್ನು ಅಲ್ಲಗಳೆಯಲು ನನ್ನಿಂದಾಗದು. ಪ್ರಶ್ನೆಗೆ ಉತ್ತರಿಸದವನಿಗೆ ದಂಡ ಹಾಕುತ್ತಿದ್ದ ಸಂಘದಲ್ಲಿ ಬೆಳೆದವನ ಶೋಧಕ್ಕೆ ಇಂಥ ತೀರ್ಪು ಬಂದುದು ಸೋಜಿಗವಲ್ಲವೇ? ಅದೇ ಶೋಧದ ಪೇಟೆಂಟು ಹದಿನಾಲ್ಕು ವರ್ಷ ಇತರರಿಗೆ ಬೇಲಿಯಾಗಿ ನಿಂತದ್ದು ಅದರ ಇನ್ನೊಂದು ಮುಖ.

ಹೆಸರಾಂತ ಗಿರಾಕಿಗಳು

ಪೀಟರನ ಕಾಲದಲ್ಲಿ ಮಳಿಗೆಯ ಹೆಸರು ಯುರೋಪಿನಾಚೆಗೂ ಹಬ್ಬಿತು. ಮೂರು ಗಾಜುಗಳ ಮಸೂರವನ್ನೂ ಅವನು ರಚಿಸಿದನು. ಅಮೆರಿಕದ ಥಾಮಸ್ ಜೆಫರ್ಸನ್ 1786ರಲ್ಲಿ ಲಂಡನ್ನಿಗೆ ಬಂದಾಗ ಈ ಮಳಿಗೆಯಲ್ಲಿ ಉಪಕರಣಗಳನ್ನು ಕೊಂಡನು. ಸಂಗೀತಗಾರ ಮೊಜಾರ್ಟನ ತಂದೆ ಲಿಯೊಪೋಲ್ಡನು 1787ರಲ್ಲಿ ತೀರಿಕೊಂಡಾಗ ಅವನು ಬಿಟ್ಟುಹೋದ ವಸ್ತುಗಳಲ್ಲಿ ಡಾಲಂಡರ ಉಪಕರಣಗಳಿದ್ದವು. ಹಡಗಿನವರ ಬಾಯಲ್ಲಿ ದುರ್ಬೀನಿಗೇ ‘ಡಾಲಂಡ್’ ಎಂಬ ಹೆಸರು ಬಿತ್ತು. ಹೆಸರು ಮಾಡಿದ ಸರಕಿಗೆ ನಕಲು ತಪ್ಪಿದ್ದಲ್ಲ. ಹೆಸರಿನ ಒಂದು ಅಕ್ಷರವನ್ನು ಬದಲಿಸಿ ಕೆತ್ತಿದ ನಕಲಿ ದುರ್ಬೀನುಗಳೂ ಮಾರಾಟವಾದವು.

ಇವರೆಲ್ಲರಿಗಿಂತ ಇನ್ನೊಬ್ಬನ ಪ್ರಸಂಗವು ನನಗೆ ಹೆಚ್ಚು ಪ್ರಿಯವಾದುದು. ಒಂದೇ ಚೌಕಟ್ಟಿನಲ್ಲಿ ದೂರಕ್ಕೂ ಹತ್ತಿರಕ್ಕೂ ಎರಡು ಅರ್ಧ ಗಾಜುಗಳನ್ನು ಕೂಡಿಸಿದ ಕನ್ನಡಕವನ್ನು ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್ಸಿನಲ್ಲಿದ್ದಾಗ ಧರಿಸುತ್ತಿದ್ದನು. ಅದು ಕೆಲವೇ ಬಗೆಯ ಕಣ್ಣುಗಳಿಗೆ ಒಗ್ಗೀತು ಎಂದು ಡಾಲಂಡ್ ಅಂಗಡಿಯವನು ಹೇಳಿದನೆಂದು ತಿಳಿದಾಗ ಫ್ರಾಂಕ್ಲಿನ್ 1785ರಲ್ಲಿ ಸ್ನೇಹಿತನಿಗೊಂದು ಪತ್ರವನ್ನು ಬರೆದು, ಅವನಿಗೆ ಇದರ ರಚನೆ ಸರಿಯಾಗಿ ತಿಳಿದಿಲ್ಲವೆಂದು ನಯವಾಗಿಯೇ ಹೇಳಿದನು. ಅರಸರ ಕನ್ನಡಕಗಾರನೂ ತಪ್ಪಬಲ್ಲನು! ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಊಟದ ಮೇಜಿನ ಮೇಲಿನ ಪದಾರ್ಥವೂ ಎದುರಿನವರ ಮುಖವೂ ಏಕಕಾಲಕ್ಕೆ ಕಾಣುವುದರಿಂದ, ಮಾತಾಡುವವರ ಮುಖಚಲನೆಯನ್ನು ನೋಡಿ ತನಗೆ ಫ್ರೆಂಚ್ ಭಾಷೆಯು ಹೆಚ್ಚು ಅರ್ಥವಾಗುತ್ತದೆ ಎಂಬುದು ಅದರ ಭಾವ. ಪರಭಾಷೆಯ ನಡುವೆ ಬಾಳುವವರಿಗೆ ಕಣ್ಣೂ ಒಂದು ಕಿವಿಯೇ ಎಂಬುದನ್ನು ನಾವೆಲ್ಲ ಬಲ್ಲೆವು.

ಪೀಟರನು 1820ರಲ್ಲಿ ತೀರಿಕೊಂಡ ಮೇಲೆ ಅವನ ಸೋದರಳಿಯ ಜಾರ್ಜನು ‘ಡಾಲಂಡ್’ ಹೆಸರನ್ನೇ ಧರಿಸಿ ಮಳಿಗೆಯನ್ನು ನಡೆಸಿದನು. ಅದು 1927ರಲ್ಲಿ ಏಚಿಸನ್ ಎಂಬ ಮತ್ತೊಂದು ಸಂಸ್ಥೆಯೊಡನೆ ಕೂಡಿ ‘ಡಾಲಂಡ್ ಅಂಡ್ ಏಚಿಸನ್’ ಆಗಿ ಬ್ರಿಟನ್ನಿನಲ್ಲೆಲ್ಲ ಹರಡಿತು. ಬಳಿಕ 2009ರಲ್ಲಿ ಬೂಟ್ಸ್ ಸಂಸ್ಥೆಯ ಕನ್ನಡಕ ವಿಭಾಗದೊಡನೆ ಒಂದಾಗಿ, ಆ ಹೆಸರು ಕ್ರಮೇಣ ಅಂಗಡಿಗಳ ಫಲಕಗಳಿಂದ ಮರೆಯಾಯಿತು.

ನನ್ನ ಮಾತು

ನಾನು ಈ ಶಾಲೆಯ ಐದನೆಯ ಇಯತ್ತೆಯಲ್ಲಿದ್ದಾಗ ದಡ್ಡನೆಂದು ಹೆಸರಾಗಿದ್ದೆನು. ಹಲಗೆಯ ಮೇಲೆ ಬರೆದ ಲೆಕ್ಕವನ್ನು ತಪ್ಪಾಗಿ ಇಳಿಸಿಕೊಳ್ಳುತ್ತಿದ್ದೆ. 3 ನನಗೆ 8ರಂತೆ ತೋರುತ್ತಿತ್ತು. ಎಲ್ಲರಿಗೂ ಹೀಗೆಯೇ ಕಾಣುವುದೆಂದು ನಾನು ತಿಳಿದಿದ್ದೆ. ಗಣಿತದ ಮಾಸ್ತರರು ಒಂದು ದಿನ ನನ್ನನ್ನು ಬಯ್ಯುವ ಬದಲು ಹಲಗೆಯ ಬಳಿಗೆ ಕರೆದು, ಅದೇ ಲೆಕ್ಕವನ್ನು ಅಲ್ಲಿಯೇ ನಿಂತು ಓದಿಸಿದರು. ಲೆಕ್ಕ ಸರಿಯಾಯಿತು. “ತಮ್ಮಾ, ನಿನ್ನ ತಲಿ ನೆಟ್ಟಗದ, ಕಣ್ಣು ತೋರಸಬೇಕು” ಎಂದು ಹೇಳಿ, ಸಂಜೆ ನಮ್ಮ ಮನೆಗೆ ಬಂದು ತಂದೆಯವರೊಡನೆ ಮಾತಾಡಿದರು. ಆ ವಾರದ ಕೂಲಿಯಲ್ಲಿ ನನಗೆ ಕನ್ನಡಕ ಬಂತು. ಶಾಲೆಯ ಅಂಗಳದ ಬೇವಿನ ಮರದಲ್ಲಿ ಬಿಡಿಬಿಡಿ ಎಲೆಗಳಿವೆ ಎಂಬುದನ್ನು ನಾನು ಮೊದಲು ಕಂಡದ್ದು ಅಂದು.

ತಮ್ಮ ಕಣ್ಣಿಗೆ ಮಾತ್ರ ತಂದೆಯವರು ಏನನ್ನೂ ಮಾಡಿಕೊಳ್ಳಲಿಲ್ಲ. ನಲವತ್ತು ದಾಟಿದ ಮೇಲೆ ಕಡಿದ ಎಳೆ ಅವರಿಗೆ ಕಾಣದಾಯಿತು. ನಮ್ಮ ಕಡೆ ಕನ್ನಡಕಕ್ಕೆ ‘ಚಾಳೀಸು’ ಎಂಬ ಹೆಸರಿರುವುದು ಸುಮ್ಮನೆ ಅಲ್ಲ, ಚಾಳೀಸವೆಂದರೆ ನಲವತ್ತು. ಆ ವಯಸ್ಸಿಗೆ ಕಣ್ಣಿನೊಳಗಿನ ಮಸೂರವು ಬಿರುಸಾಗಿ ಹತ್ತಿರದ ವಸ್ತು ಮಸುಕಾಗುತ್ತದೆ. ಸಾಧಾರಣವಾದ ಒಂದು ಪೀನ ಮಸೂರವಿದ್ದರೆ ಸಾಕಾಗಿತ್ತು. “ವಯಸ್ಸಾತು, ಇನ್ನೇನು” ಎಂದು ಅವರು ಮಗ್ಗದಿಂದ ಎದ್ದರು. ಆಮೇಲೆ ಹಮಾಲಿ ಮಾಡಿದರು. ನಾನು ಈ ಕಸುಬನ್ನು ಕಲಿತು ಅವರ ಕಣ್ಣನ್ನು ಪರೀಕ್ಷಿಸುವಷ್ಟರಲ್ಲಿ ಅವರ ಕೈಗೆ ಲಾಳಿಯ ಅಭ್ಯಾಸವೇ ತಪ್ಪಿಹೋಗಿತ್ತು. ಡಾಲಂಡನು ನಲವತ್ತಾರರಲ್ಲಿ ಮಗ್ಗವನ್ನು ಬಿಟ್ಟನೆಂದು ಓದಿದಾಗಲೆಲ್ಲ ನನ್ನ ಕಣ್ಮುಂದೆ ಬರುವುದು ಬೇರೊಂದು ಮಗ್ಗ.

ಸ್ಪಿಟಲ್‌ಫೀಲ್ಡ್ಸಿನಲ್ಲಿ ಫ್ರೆಂಚರು 1743ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರವು ಇಂದಿಗೂ ಇದೆ. ಅದು ಮುಂದೆ ಮೆಥಡಿಸ್ಟರ ಮಂದಿರವಾಗಿ, ಆಮೇಲೆ ಯಹೂದಿಗಳ ಸಿನೆಗಾಗ್ ಆಗಿ, 1976ರಿಂದ ಮಸೀದಿಯಾಗಿದೆ. ಬಂದ ಜನರೆಲ್ಲರಿಗೂ ಆ ಕಟ್ಟಡವು ಆಶ್ರಯವಿತ್ತಿತು. ಆದರೆ ಆ ನೇಕಾರರ ಫ್ರೆಂಚ್ ಭಾಷೆಯು ಕೆಲವೇ ತಲೆಮಾರುಗಳಲ್ಲಿ ಓಣಿಯಿಂದ ಅಳಿದುಹೋಯಿತು. ಸಿದ್ಧರಾಮೇಶ್ವರರ ಊರಾದ ಸೊಲ್ಲಾಪುರದಲ್ಲಿ ಕನ್ನಡದ ಅಕ್ಷರಗಳು ಹಲಗೆಯ ಮೇಲೆ ಇನ್ನೂ ಮೂಡುತ್ತಿವೆ. ಐವತ್ತು ವರ್ಷ ಅವುಗಳನ್ನು ಮೂಡಿಸಿದ ಗುರುಗಳಿಗೆ ನನ್ನ ನಮಸ್ಕಾರಗಳು.

ಕೊನೆಯದಾಗಿ ಗುರುಗಳಲ್ಲಿಯೂ ಪಾಲಕರಲ್ಲಿಯೂ ಒಂದು ವಿನಂತಿ. ಕಣ್ಣನ್ನು ಕಿರಿದು ಮಾಡಿ ನೋಡುವ, ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿಯುವ, ಪಕ್ಕದವನ ಪಾಟಿಯನ್ನು ನೋಡಿ ಬರೆಯುವ ಮಗುವನ್ನು ದಡ್ಡನೆಂದು ತೀರ್ಮಾನಿಸುವ ಮೊದಲು ಅದರ ಕಣ್ಣನ್ನು ಪರೀಕ್ಷೆ ಮಾಡಿಸಿರಿ. ಕನ್ನಡಕ ಹಾಕಿದರೆ ಹುಡುಗಿಗೆ ವರ ಸಿಗಲಾರನೆಂದು ಅಂಜಿ ಅವಳ ವಿದ್ಯೆಯನ್ನು ಮಸುಕಾಗಿಸಬೇಡಿರಿ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ಅಕ್ಷರ ಫಲಕವನ್ನು ತೆಗೆದುಕೊಂಡು ಬಂದು ಎಲ್ಲ ಮಕ್ಕಳ ದೃಷ್ಟಿಯನ್ನು ನೋಡಿಕೊಡುವ ಕೆಲಸವನ್ನು ನನಗೆ ಬಿಟ್ಟುಕೊಡಬೇಕೆಂದು ಶಾಲೆಯ ಆಡಳಿತ ಮಂಡಳಿಯವರನ್ನು ಬೇಡಿಕೊಳ್ಳುತ್ತೇನೆ. ನನ್ನ ಗಿರಾಕಿಗಳಲ್ಲಿ ಅರಸರಾರೂ ಇಲ್ಲ. ಈ ಮಕ್ಕಳಿದ್ದರೆ ನನಗೆ ಸಾಕು.